ಮಲ್ಲಿಕಾರ್ಜುನಯ್ಯನವರ ರೈಫಲ್

8-2-84, ಬುಧವಾರ

ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ತೆಂಗಿನಕಾಯಿ ಒಂದೊಂದೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ. ಮೂಲೆಯವು ಆಗಿವೆ — ಒಳಗೆ ಒಣಗಿದ ಗಿಟುಕು ಚಿಪ್ಪಿನಿಂದ ಕಳಚಿ ಗಡಗಡ ಅನ್ನುತ್ತದೆ. ಉಳಿದವು ಇನ್ನೂ ನೀರು. ಸುಲಿಯುವುದಕ್ಕೆ ಬೋರಯ್ಯನಿಗೆ ಶುಕ್ರವಾರ ಬಾ ಎಂದೆ. ಕೈ ಇಲ್ಲಿ, ಮನಸ್ಸು ಇನ್ನೆಲ್ಲೋ.

ರೈಫಲ್ ಕೊಳ್ಳುವ ಪರ್ಮಿಷನ್‌ಗೆ ಮಾರ್ಚ್ ಕೊನೆಯವರೆಗೆ ಮಾತ್ರ ವಾಯಿದೆ. ಅಷ್ಟರಲ್ಲಿ ಸಿಗದಿದ್ದರೆ ಮತ್ತೆ ತುಮಕೂರು, ಡಿ.ಸಿ. ಆಫೀಸಿನ ಬೆಂಚು. ಇವತ್ತು ಕೊಬ್ಬರಿ ಮಂಡಿಯಲ್ಲಿ ದಲ್ಲಾಳಿ ದುರ್ಗಯ್ಯ ಒಂದು ಸುದ್ದಿ ತಂದ. ತುರುವೇಕೆರೆಯಲ್ಲಿ ಮಲ್ಲಿಕಾರ್ಜುನಯ್ಯ ಅಂತ, ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರ್ ಆಗಿದ್ದು ರಿಟೈರ್ ಆದವರು, ಈಗ ಮಗಳ ಮನೆಯಲ್ಲಿದ್ದಾರೆ. ಅವರ ಹತ್ತಿರ ಪಾಯಿಂಟ್ ಟೂ-ಟೂ ಇದೆ. ಸೆಮಿ-ಆಟೋಮ್ಯಾಟಿಕ್ — ಒಂದು ಸಲ ಒತ್ತಿದರೆ ಒಂದೇ ಗುಂಡು, ಮುಂದಿನದು ತಾನೇ ಏರುತ್ತದೆ. ಫಾರಿನ್ನಿಂದು.

"ಮಾರ್ತಾರಂತೆ ಕಣ್ರೀ. ಹಳೇದು. ಆದ್ರೆ ಮಡಗಿರೋ ರೀತಿ ನೋಡ್ಬೇಕು ನೀವು!"

ಅರ್ಜಿಯಲ್ಲಿ ಬರೆದದ್ದು ಹಂದಿ ಕಾಟ, ಬೆಳೆ ರಕ್ಷಣೆ. ಹಾಲ್ಕುರಿಕೆಯ ನಮ್ಮ ತೋಟದಲ್ಲಿ ಹಂದಿ ಸಸಿ ಕಿತ್ತದ್ದು ನಿಜ. ಆದರೆ ಹಂದಿಗೆ ಟೂ-ಟೂ ಏನೂ ಅಲ್ಲ. ಅದಕ್ಕೆ ಅಪ್ಪನ ಕಾಲದ ತೋಟಾಕೋವಿಯೇ ಇದೆ. ನಿಜ ಏನೆಂದರೆ ಎನ್‌ಸಿಸಿ ಕ್ಯಾಂಪಿನಲ್ಲಿ ಸುಡುವ ಬಿಸಿಲಿನಲ್ಲಿ ಬೋರಲು ಮಲಗಿ ಗುರಿ ಹಿಡಿದಾಗ ಒಳಗೆಲ್ಲ ನಿಶ್ಶಬ್ದ ಆಗುತ್ತಿತ್ತು. ಆಮೇಲೆ ಹಾಗೆ ಆಗಿಲ್ಲ. ಇಪ್ಪತ್ತು ವರ್ಷ ಕೊಬ್ಬರಿ.

12-2-84, ಭಾನುವಾರ

ತುರುವೇಕೆರೆಗೆ ಹೋಗಿ ಬಂದೆ. ನೋಡಿದೆ.

ಮಲ್ಲಿಕಾರ್ಜುನಯ್ಯ ಎತ್ತರದ ಆಳು. ಎಪ್ಪತ್ತು ದಾಟಿದೆ, ಬೆನ್ನು ಬಾಗಿಲ್ಲ. ಮನೆಯಲ್ಲೂ ಇಸ್ತ್ರಿ ಮಾಡಿದ ಕೋಟು, ಹಣೆಯಲ್ಲಿ ವಿಭೂತಿ. ನಾನು ಬಾಯಿ ತೆರೆದೆ, ಕೈ ಎತ್ತಿ ತಡೆದರು. "ಕೋವಿ ಕೊಳ್ಳೋನು ಮೊದ್ಲು ಮಾತಾಡ್ಬಾರ್ದು ಕಣ್ರೀ. ನೋಡ್ಬೇಕು."

ನೋಡಿದೆ. ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಒಳಗೆ ಬೆರಳಿಟ್ಟೆ — ಖಾಲಿ. ಹಿಂದೆ ಬಿಳಿ ಕಾಗದ ಹಿಡಿದು ಬಾಯಿಯ ಕಡೆಯಿಂದ ಬ್ಯಾರೆಲ್ ಒಳಗೆ ಕಣ್ಣಾಡಿಸಿದೆ. ಸುರುಳಿ ಗೆರೆ ಸ್ವಚ್ಛ. ಬಾಯಿಯ ಹತ್ತಿರ ತುಕ್ಕು ತಿಂದ ಎರಡು ಚುಕ್ಕಿ, ಅಷ್ಟೆ. ಹೊರಗಿನ ನೀಲಿ ಬಣ್ಣ ಕೈ ಹಿಡಿಯುವ ಕಡೆ ಹೋಗಿದೆ. ಕೆನ್ನೆ ಒರಗುವ ಕಡೆ ಮರ ನುಣ್ಣಗೆ ಸವೆದು ಗಾಜಿನ ಹಾಗಿದೆ. ಸ್ಕ್ರೂ ತಲೆ ಒಂದೂ ಕೆಟ್ಟಿಲ್ಲ. ಅಂದರೆ ಗೊತ್ತಿಲ್ಲದವನು ಯಾವನೂ ಬಿಚ್ಚಿಲ್ಲ.

ಹೆಗಲಿಗೆ ಏರಿಸಿದೆ. ಬೇಕು ಅನ್ನಿಸಿತು. ಮುಖದಲ್ಲಿ ತೋರಿಸಲಿಲ್ಲ — ವ್ಯಾಪಾರದವನು.

"ಹೊಡೆದು ನೋಡ್ದೇ ತಗೋಬ್ಯಾಡಿ," ಎಂದರು. "ಮುಂದಿನ ಭಾನುವಾರ ಬನ್ನಿ. ಕೆರೆ ಒಣಗಿದೆ, ಮಣ್ಣು ತೆಗೆದ ಗುಂಡಿ ಐತೆ."

ಮಗಳು ಶಿವರುದ್ರಮ್ಮ, ಮಿಡ್ಲ್ ಸ್ಕೂಲ್ ಮೇಡಂ, ಕಾಫಿ ತಂದಿಟ್ಟರು. ಯಜಮಾನರು ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್‌ಗೆ ಹೋಗಿದ್ದಾರಂತೆ. ಹೊರಡುವಾಗ, "ತಗೊಳ್ತೀರಾ ಸಾರ್?" ಎಂದು ಕೇಳಿದರು. ಮಾರುವವರು ಕೇಳುವ ಹಾಗಿರಲಿಲ್ಲ.

14-2-84

ಗಿರಿಜೆಗೆ ಹೇಳಿದೆ. ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ಇರೋ ಕೋವಿ ಗೆದ್ಲು ಹಿಡೀತೈತೆ. ಇನ್ನೊಂದು ಯಾಕ್ರೀ? ಯಾರ ಮ್ಯಾಲೆ ಯುದ್ಧ?"

ಮಂಡಿಗೆ ಹೋದೆ, ಬೇಗ ಬಂದೆ, ಮತ್ತೆ ಹೋದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಭಾನುವಾರ ಇನ್ನೂ ಎಷ್ಟು ದೂರ.

19-2-84, ಭಾನುವಾರ

ಕೆರೆಯ ಗುಂಡಿ. ಹಿಂದೆ ಆಳೆತ್ತರ ಮಣ್ಣಿನ ಗೋಡೆ. ಕಾಯಿ ಸಿಪ್ಪೆಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸಿಕ್ಕಿಸಿ ಇಟ್ಟೆವು.

ಮೊದಲು ನಾನು. ಒಂದೊಂದೇ. ಅದೇ ನಿಶ್ಶಬ್ದ ಬಂತು! ಕಾಗದದ ನಡುವೆ ತೂತು, ಪಕ್ಕದಲ್ಲೇ ಇನ್ನೊಂದು. ಗುಂಡಿನ ಖಾಲಿ ಕೇಸು ಬಲಕ್ಕೆ ಹಾರಿ ಬಿಸಿ ಮಣ್ಣಿಗೆ ಬೀಳುವ ಸದ್ದು ಕೂಡ ಚೆನ್ನಾಗಿತ್ತು. ಒಮ್ಮೆ ಕೇಸು ಹೊರಗೆ ಬರದೆ ಸಿಕ್ಕಿಕೊಂಡಿತು. ಪರವಾಗಿಲ್ಲ, ಎಣ್ಣೆ ಒಣಗಿರಬೇಕು.

ಆಮೇಲೆ — ಒಂದು ಸಲ ಒತ್ತಿದೆ, ಎರಡು ಹೋಯಿತು. ಟಪ್‌ಟಪ್. ಎರಡನೆಯದು ಸಿಪ್ಪೆಯ ಮೇಲೆ ಎಲ್ಲೋ. ನನ್ನ ಬೆರಳೇ ನಡುಗಿತೋ ಏನೋ ಅಂದುಕೊಂಡೆ. ಮತ್ತೆ ಮ್ಯಾಗಜೀನ್ ತುಂಬಿದೆ. ಬೆರಳನ್ನು ಒತ್ತಿ ಹಾಗೇ ಹಿಡಿದೆ, ಬಿಡಲಿಲ್ಲ. ಮತ್ತೆ ಎರಡು.

"ನೋಡಿದ್ರಾ?" ಅಂದೆ.

"ಏನನ್ನ?" ಅಂದರು ಮಲ್ಲಿಕಾರ್ಜುನಯ್ಯ.

ರೈಫಲ್ ಇಸಿದುಕೊಂಡು ತಾವೇ ನಿಂತರು. ಆ ವಯಸ್ಸಿಗೆ ಆ ಕೈ! ಕಲ್ಲಿನ ಹಾಗೆ. ಬೆಳ್ಳಿ ಕಾಗದ ಚೂರುಚೂರು. ಅವರ ಕೈಯಲ್ಲಿ ಒಂದು ಸಲವೂ ಎರಡು ಹೋಗಲಿಲ್ಲ. ಇಳಿಸಿ, ನನ್ನ ಕಡೆ ತಿರುಗದೆ ಹೇಳಿದರು: "ತಿಪ್ಪಯ್ಯ, ನಾಯಿ ಬುಡಬ್ಯಾಡ. ಇನ್ನೂ ಐತೆ ಒಳಗೆ."

ಅಲ್ಲಿ ನಾಯಿ ಇರಲಿಲ್ಲ. ತಿಪ್ಪಯ್ಯನೂ ಇರಲಿಲ್ಲ. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

22-2-84, ಬುಧವಾರ

ತುಮಕೂರಿನ ಬಂದೂಕು ರಿಪೇರಿಯವನನ್ನು ಕೇಳಿದೆ. ಒಳಗೆ ಗುಂಡಿಗೆ ಹೊಡೆಯುವ ಸುತ್ತಿಗೆಯನ್ನು ಹಿಡಿದಿಡುವ ಕೊಕ್ಕೆ ಸವೆದಿರಬೇಕು ಎಂದ. ಆ ಕಂಪನಿಯ ಸಾಮಾನು ಇಲ್ಲಿ ಸಿಗುವುದಿಲ್ಲ. ರೈಫಲ್ ಕೆಳಗೆ ಬಿದ್ದರೂ ಗುಂಡು ಹಾರಬಹುದು. "ಬ್ಯಾಡ ಬಿಡಿ ಸಾಹೇಬ್ರೇ," ಎಂದ.

ಸರಿ, ಬೇಡ. ಭಾನುವಾರ ಹೋಗಿ ಹೇಳಿಬಿಡುವುದು. ಬಸ್ಸಿನಲ್ಲಿ ಬರುವಾಗ ಹಗುರ ಆಗಬೇಕಿತ್ತು. ಆಗಲಿಲ್ಲ. ಗುಬ್ಬಿ ದಾಟುವವರೆಗೂ ಅದನ್ನು ಎಲ್ಲಿ ರಿಪೇರಿ ಮಾಡಿಸಬಹುದು ಅಂತಲೇ ಯೋಚನೆ.

26-2-84, ಭಾನುವಾರ, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆದುಬಿಡುತ್ತೇನೆ.

ಬೇಡ ಎಂದು ಹೇಳುವುದಕ್ಕೇ ಹೋದದ್ದು. ಶಿವರುದ್ರಮ್ಮ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ಮಾತು ತೆಗೆಯುವ ಮೊದಲೇ ಮಲ್ಲಿಕಾರ್ಜುನಯ್ಯ ಒಳಗಿನಿಂದ ರೈಫಲ್ ತಂದರು. "ನೋಡಿ, ನೋಡಿ. ಖಾಲಿ ಐತೆ." ಕೊಡುವಾಗ ರೈಫಲ್ಲಿನ ಬಾಯಿ ಮಗಳ ಕಡೆ ಇತ್ತು. ನಾನು ಬ್ಯಾರೆಲ್ ಮೇಲಕ್ಕೆ ತಳ್ಳಿದೆ. ಮ್ಯಾಗಜೀನ್ ಇರಲಿಲ್ಲ. ಅಭ್ಯಾಸಬಲದಿಂದ ಬೋಲ್ಟ್ ಎಳೆದೆ.

ಒಂದು ಗುಂಡು ಹಾರಿ ಬಂತು. ಜೀವಂತ ಗುಂಡು. ಉತ್ತರ ಪತ್ರಿಕೆಗಳ ಮೇಲೆ ಬಿದ್ದು ಉರುಳಿತು.

ಮಲ್ಲಿಕಾರ್ಜುನಯ್ಯ ಅದನ್ನೇ ನೋಡುತ್ತಾ ನಿಂತರು. "ಯಾರು ಹಾಕಿದ್ದು?" ಎಂದರು. ಗದರಿಕೆ ಅಲ್ಲ. ನಿಜವಾಗಿ ಕೇಳಿದರು. ಶಿವರುದ್ರಮ್ಮ ಗುಂಡನ್ನು ಎತ್ತಿ ಸೆರಗಿನಲ್ಲಿ ಗಂಟು ಹಾಕಿಕೊಂಡರು. ಮತ್ತೆ ಕೆಂಪು ಪೆನ್ನು ಹಿಡಿದರು. ತಿದ್ದಲಾಗಲಿಲ್ಲ.

ಗೇಟಿನ ತನಕ ಬಂದರು.

"ಅಪ್ಪಾಜಿಗೆ ನೆನಪು ನಿಲ್ತಿಲ್ಲ ಸಾರ್. ಒಂದು ವರ್ಷ ಆಯ್ತು. ಎಸ್ಟೇಟಿನ ಕಾಲದ ಶಿಕಾರಿ ಆಳುಗಳ ಹೆಸ್ರು ಹಿಡಿದು ಕರೀತಾರೆ. ಸಂಕ್ರಾಂತಿ ಹಿಂದಿನ ದಿನ ಹಾಲಿನವನ ಎದೆಗೆ ಹಿಡ್ದಿದ್ರು. ಕಳ್ಳ ಅಂತ."

"ಮಾರ್ತಾರೆ ಅಂತ ದುರ್ಗಯ್ಯ..."

"ನಾನೇ ಹೇಳ್ಸಿದ್ದು. ಅವರು ಒಪ್ಪಿದ್ರು. ಒಪ್ಪಿದ್ದು ಮರೆತ್ರು. ನೀವು ಹೊಡೆದು ನೋಡಿ ಹೋದ್ಮೇಲೆ ಉಳಿದ ಗುಂಡು ಎಲ್ಲಾ ಬಾವಿಗೆ ಹಾಕ್ದೆ. ಅದು ಎಲ್ಲಿತ್ತೋ!"

"ಸ್ಟೇಷನ್ನಿಗೆ ಕೊಟ್ಬಿಡ್ಬೋದಿತ್ತಲ್ಲ ತಾಯಿ?"

"ಹೆಂಗಣ್ಣಾ? ಪೊಲೀಸ್ರು ಬಂದು ಕಿತ್ಕೊಂಡ್ರೆ ಅಪ್ಪಾಜಿ ಉಳಿಯಲ್ಲ. ಕೊಳ್ಳೋರು ಬಂದು ಮರ್ಯಾದೆಯಿಂದ ತಗೊಂಡೋದ್ರೆ..." ಗೇಟಿನ ಚಿಲಕ ಹಿಡಿದುಕೊಂಡರು. "ಕೆಟ್ಟಿದ್ರೂ ತಗೊಂಡೋಗಿ."

ಕೆಟ್ಟಿದೆ ಎಂದು ಅವರಿಗೂ ಗೊತ್ತು. ಯೋಚಿಸಿ ಹೇಳುತ್ತೇನೆ ಎಂದೆ. ಬಸ್ಸು ಹತ್ತಿದ ಮೇಲೆ ತಿಳಿಯಿತು — ಯೋಚಿಸುವುದಕ್ಕೆ ಏನಿತ್ತು?

29-2-84, ಶಿವರಾತ್ರಿ

ಉಪವಾಸ. ಬೆಳಿಗ್ಗೆಯಿಂದ ತೋಟದಲ್ಲಿ ಸುಮ್ಮನೆ ಸುತ್ತಿದೆ. ಬಿದ್ದ ಗರಿ ಎಳೆದು ಹಾಕಿದ್ದನ್ನೇ ಮತ್ತೆ ಎಳೆದು ಹಾಕಿದೆ. ಸರ್ಕಾರದ ಪರ್ಮಿಷನ್ ಒಂದೇ ರೈಫಲ್‌ಗೆ. ಇದನ್ನು ಕೊಂಡರೆ ಒಳ್ಳೆಯದು ಕೊಳ್ಳುವುದು ಈ ಜನ್ಮದಲ್ಲಿ ಆಗುವುದಿಲ್ಲ. ಹೊಡೆಯಲಾಗದ ರೈಫಲ್ ಒಂದು ಕಬ್ಬಿಣದ ಕೊಳವೆ.

ಪೂಜೆ ಮುಗಿದ ಮೇಲೆ ಗಿರಿಜೆಗೆ ಎಲ್ಲ ಹೇಳಿದೆ. ಗುಂಡಿನ ವಿಷಯವನ್ನೂ. ಬಿಲ್ವದ ಕಡ್ಡಿ ಮುರಿಯುತ್ತಾ ಕೇಳಿದಳು.

"ಬ್ಯಾಡ ಅಂದಿದ್ದೂ ನಾನೇ. ಈಗ ನಾನೇ ಹೇಳ್ತೀನಿ, ತಗೊಂಬನ್ನಿ."

"ಅದು ಕೆಟ್ಟಿದೆ ಕಣೇ."

"ಕೆಟ್ಟಿದೆ ಅಂತ್ಲೇ ಹೇಳ್ತಿರೋದು. ಆ ಹೆಣ್ಮಗಳು ದಿನಾ ಅದೇ ಮನೇಲಿ ಮಲಗ್ಬೇಕಲ್ಲ."

4-3-84, ಭಾನುವಾರ

ಅಂದುಕೊಂಡಷ್ಟು ಸುಲಭ ಇರಲಿಲ್ಲ.

"ಮಾರ್ತೀನಿ ಅಂತ ಯಾರ್ರೀ ಹೇಳಿದ್ದು?" ಮಲ್ಲಿಕಾರ್ಜುನಯ್ಯ ಬಾಗಿಲಿಗೆ ಅಡ್ಡ ನಿಂತರು. ನಾನು ಯಾರು ಎಂಬುದೂ ಗೊತ್ತಿರಲಿಲ್ಲ. ಶಿವರುದ್ರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ದಾರಿಯುದ್ದಕ್ಕೂ ಬೇರೆ ಬೇರೆ ಸುಳ್ಳು ಜೋಡಿಸಿಕೊಂಡು ಹೋಗಿದ್ದೆ. ಅವರ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ. ನಿಜವನ್ನೇ ಹೇಳಿದೆ. "ನಿಮ್ಮ ರೈಫಲ್ ಒಂದು ಒತ್ತಿದ್ರೆ ಎರಡು ಹೊಡೀತೈತೆ ಅಯ್ಯನೋರೇ. ಮನೇಲಿ ಇಡಬಾರ್ದು."

ಕೋಪ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ರೈಫಲ್ ತಂದು ತಾವೇ ಬೋಲ್ಟ್ ಎಳೆದು ತೋರಿಸಿದರು. ಖಾಲಿ. ಜಮಖಾನದ ಮೇಲೆ ಪಂಚೆ ಹಾಸಿ ಬಿಚ್ಚಲು ಕೂತರು. ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಒಂದೊಂದೇ ಸ್ಕ್ರೂ, ಸ್ಪ್ರಿಂಗ್, ಸಾಲಾಗಿ. ಕೊನೆಗೆ ಉಗುರಿನಷ್ಟು ಚಿಕ್ಕ ಒಂದು ಕೊಕ್ಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅಂಚು ಸವೆದು ದುಂಡಗಾಗಿತ್ತು. ಹೆಬ್ಬೆರಳಿನಿಂದ ಸವರಿದರು. ಮತ್ತೆ ಮತ್ತೆ ಸವರಿದರು.

"ಹೌದು," ಅಂದರು. "ಇದಕ್ಕೆ ವಯಸ್ಸಾಯ್ತು. ಹಿಡ್ಕೊಳ್ಳೋ ಶಕ್ತಿ ಹೋಯ್ತು."

ಶಿವರುದ್ರಮ್ಮ ಒಳಗೆ ಹೋದರು.

ಜೋಡಿಸಿದರು. ಎದ್ದು ಕೋಟು ಹಾಕಿಕೊಂಡರು. "ನಡೀರಿ. ನಾನೇ ತಂದ್ಕೊಡ್ತೀನಿ. ಕೋವಿ ಬೇರೆಯವ್ರ ಕೈಲಿ ಕಳ್ಸಬಾರ್ದು."

ಪೊಲೀಸ್ ಸ್ಟೇಷನ್ನಿನವರೆಗೂ ಹೆಗಲ ಮೇಲೆ ಅವರೇ ಹೊತ್ತರು, ಮೂತಿ ಆಕಾಶಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಜನ ಎದ್ದು ದಾರಿ ಬಿಟ್ಟರು. ನಮಸ್ಕಾರ ಮಾಡಿದವರಿಗೆಲ್ಲ ತಲೆಬಾಗಿದರು. ಯಾರ ಹೆಸರೂ ಹೇಳಲಿಲ್ಲ. ರೈಟರ್ ರೈಫಲ್ ನಂಬರ್ ಕೇಳಿದ. ಅವರು ನೋಡದೆ ಹೇಳಿದರು, ಒಂದೂ ತಪ್ಪಿಲ್ಲ. ಲೈಸೆನ್ಸ್ ನನ್ನ ಹೆಸರಿಗೆ ವರ್ಗಾವಣೆ ಆಗುವ ತನಕ ಸ್ಟೇಷನ್ನಿನಲ್ಲಿ ಡಿಪಾಸಿಟ್. ಇಬ್ಬರೂ ಸಹಿ ಮಾಡಿದೆವು.

ಹೊರಗೆ ಬಂದಾಗ ಬಲಗೈ ಹೆಗಲ ಹತ್ತಿರವೇ ಹಿಡಿದಿದ್ದರು, ರೈಫಲ್ಲಿನ ಪಟ್ಟಿ ಹಿಡಿದ ಹಾಗೆ. ಮನೆ ತಲುಪುವವರೆಗೂ ಇಳಿಸಲಿಲ್ಲ.

21-3-84

ಆರ್ಡರ್ ಬಂತು. ಈಗ ರೈಫಲ್ ನನ್ನ ಹೆಸರಿನಲ್ಲಿದೆ. ತರಲು ಹೋಗಿಲ್ಲ. ಹೋಗುತ್ತೇನೆ, ಹೋಗುತ್ತೇನೆ ಎಂದು ದಿನ ತಳ್ಳುತ್ತಿದ್ದೇನೆ. ಗಿರಿಜೆ ಏನೂ ಕೇಳುತ್ತಿಲ್ಲ.

25-3-84, ಭಾನುವಾರ, ಮಧ್ಯಾಹ್ನ

ಮಲ್ಲಿಕಾರ್ಜುನಯ್ಯ ಬಂದಿದ್ದಾರೆ. ಒಬ್ಬರೇ. ಬಸ್ಸಿನಲ್ಲಿ. ತಿಪಟೂರಿನಲ್ಲಿ ಇಳಿದು ಮಂಡಿಯಲ್ಲಿ ವಿಚಾರಿಸಿ ಮನೆ ಹುಡುಕಿಕೊಂಡು ಬಂದಿದ್ದಾರೆ. ಅದೇ ಕೋಟು, ಕಾಲೆಲ್ಲ ಧೂಳು. ಬಾಗಿಲಲ್ಲಿ ನಿಂತು ಕೈ ಮುಗಿದರು, ಹೊಸಬರಿಗೆ ಮುಗಿಯುವ ಹಾಗೆ.

"ತೋಂಟದಾರ್ಯ ಅನ್ನೋರು ನೀವೇನಾ? ನಿಮ್ಹತ್ರ ಒಂದು ಟೂ-ಟೂ ಐತಂತೆ. ಕೊಡೋ ಹಂಗಿದ್ರೆ ನೋಡಾನ ಅಂತ ಬಂದೆ."

ಗಿರಿಜೆ ಒಳಗಿನಿಂದ ನನ್ನ ಮುಖ ನೋಡಿದಳು. ಕೂರಿಸಿದೆ. ನೀರು ಕೊಟ್ಟೆ. ಶಿವರುದ್ರಮ್ಮನಿಗೆ ತಿಳಿಸಲು ತುರುವೇಕೆರೆ ಬಸ್ಸಿನ ಕಂಡಕ್ಟರಿಗೆ ಹೇಳಿ ಬಂದೆ. ಸಂಜೆಯೊಳಗೆ ಬರಬಹುದು.

ಅಲ್ಲಿಯವರೆಗೆ ನಾನು ಮಾರುವವನು, ಅವರು ಕೊಳ್ಳುವವರು. ಏನು ಮಾಡಲಿ? ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಬ್ಯಾರೆಲ್ ಹೇಗಿದೆ? ಸ್ವಚ್ಛ ಇದೆ. ತುಕ್ಕು? ಬಾಯಿಯ ಹತ್ತಿರ ಎರಡು ಚುಕ್ಕಿ. ಈಗೆಲ್ಲಿದೆ? ಸ್ಟೇಷನ್ನಿನಲ್ಲಿ. ತಲೆಯಾಡಿಸಿದರು. ಒಳ್ಳೆಯ ಪ್ರಶ್ನೆಗಳು. ನಾನು ಅವರ ಮನೆಗೆ ಹೋದಾಗ ಕೇಳಬೇಕಾಗಿದ್ದವು.

"ಹಿಂದೆ ಇಟ್ಕೊಂಡಿದ್ದೋರು ಚೆನ್ನಾಗಿ ನೋಡ್ಕೊಂಡಿದ್ರಾ?"

"ಬಹಳ ಚೆನ್ನಾಗಿ. ಒಂದು ಸ್ಕ್ರೂ ತಲೆ ಕೂಡ ಕೆಟ್ಟಿಲ್ಲ."

ಮುಖ ಅರಳಿತು. ಯಾರೋ ಗೊತ್ತಿಲ್ಲದ ಒಳ್ಳೆಯವನ ವಿಷಯ ಕೇಳಿದ ಹಾಗೆ. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು —

"ಮತ್ಯಾಕೆ ಮಾರಿದ್ರು?"

ಊಟ ಮಾಡಿ ಮಾತಾಡೋಣ ಎಂದು ಎದ್ದು ಬಂದೆ. ಈಗ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾರೆ. ಗಿರಿಜೆ ಎಲೆ ಹಾಕಿದ್ದಾಳೆ. ಮತ್ತೆ ಕೇಳುತ್ತಾರೆ, ಮರೆಯುವುದಿಲ್ಲ. ಇಂಥದ್ದು ಅವರು ಮರೆಯುವುದಿಲ್ಲ. ಏನಾದರೂ ಹೇಳಲೇಬೇಕು. ಅವರಿಗೆ ವಯಸ್ಸಾಗಿತ್ತು ಅನ್ನಲೇ? ಊರು ಬಿಟ್ಟರು ಅನ್ನಲೇ? ಅಥವಾ ಮಗಳ ಮೇಲೆ ಅವರಿಗೆ ಬಹಳ ಪ್ರೀತಿ, ಅದಕ್ಕೇ ಕೊಟ್ಟರು ಅನ್ನಲೇ?