ಮೇಟಿಯ ಸರದಿ

ಸಿಂಗಸಂದ್ರ
೧೮ ಜನವರಿ ೨೦೨೫

ಸೌಮ್ಯಳ ಅಪ್ಪನಿಗೆ,

ಕಣದಲ್ಲಿನ ನಿಮ್ಮ ಪಾಲು ಮಾರಲು ನೀವು ಕಳಿಸಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಸೌಮ್ಯಳೂ ಹಾಕಿದ್ದಾಳೆ. ಪೀಣ್ಯದಲ್ಲಿ ಬೇರೆಯವರ ಲೇತ್ ಮೇಲೆ ಇಷ್ಟು ವರ್ಷ ದುಡಿದವರು ಸ್ವಂತ ಶೆಡ್ ಬೇಕೆನ್ನುವುದು ನನಗೆ ಅರ್ಥವಾಗದ್ದೇನಲ್ಲ. ಅರ್ಥವಾಗದ್ದು, ಅದಕ್ಕಾಗಿ ಬಾಗಲಗುಂಟೆಯಲ್ಲಿ ಬೇರೆ ಮನೆ ಮಾಡಿದ್ದು. ಅದಿರಲಿ.

ವಂಶದ ಏಳು ಮನೆಗಳು ಹೊಲ ಹಂಚಿಕೊಂಡವು, ಬಾವಿಯ ನೀರಿಗೂ ಪಾಲು ಮಾಡಿಕೊಂಡವು. ಎಲ್ಲರೂ ರಾಗಿ ಒಕ್ಕುತ್ತಿದ್ದ ಕಣವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮೊದಲು ಕೇಳಿದವರು ನೀವು. ಸರ್ವೆಯವರು ಕಲ್ಲು ನೆಟ್ಟು ಹೋದ ಮೇಲೆ ನೋಡಿದರೆ ಮೇಟಿಯ ಗುಣಿ ನಿಮ್ಮ ಪಾಲಿನೊಳಗೇ ಬಿದ್ದಿತ್ತು. ಎತ್ತುಗಳು ಸುತ್ತುತ್ತಿದ್ದ ಆ ನಡುಗಂಬವನ್ನು ಪ್ರತಿ ಸಂಕ್ರಾಂತಿಗೆ ಸರದಿಯ ಮನೆಯವರು ನೆಡುವುದನ್ನು, ರಾಗಿ ಹೋಗಿ ಕಂಪನಿ ಕ್ಯಾಬ್‌ಗಳು ಬಂದು ನಿಂತ ಮೇಲೂ ನಾವು ಬಿಟ್ಟಿರಲಿಲ್ಲ.

ನಿಮ್ಮ ದೊಡ್ಡಪ್ಪ ಮುನಿಯಣ್ಣನವರು ಮನೆಗೆ ಬಂದಿದ್ದರು. ನಾನು ಸಹಿ ಹಾಕದಿದ್ದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ, ಕಣ ಉಳಿಯುತ್ತದೆ ಎಂದರು. ಹಾಗೆ ಉಳಿದರೆ ಅದು ಕಣವಲ್ಲ, ನಿಮ್ಮನ್ನು ಕೂಡಿಹಾಕುವ ದೊಡ್ಡಿ ಎಂದೆ. ಅವರು ಕಾಫಿ ಕುಡಿಯದೆ ಎದ್ದರು.

ಈ ಸಲದ ಸರದಿ ನಮ್ಮದು. ಕರೆ ಬರಲಿಲ್ಲ. ನಿಮ್ಮವ್ವ ಹೊಸ ಸೀರೆ ಉಟ್ಟು, ನನ್ನನ್ನೂ ಸೌಮ್ಯಳನ್ನೂ ಕರೆದುಕೊಂಡು ಹೊರಟೇಬಿಟ್ಟರು. ಕ್ಯಾಬ್‌ಗಳನ್ನು ತೆಗೆಸಿ, ಸಗಣಿ ಸಾರಿಸಿ, ಎಲ್ಲರೂ ನಿಂತಿದ್ದರು. ದೊಡ್ಡಪ್ಪ ನಮ್ಮ ಕಡೆ ನೋಡದೆ ಕೇಳಿದರು.

“ಪಾಲು ತಗೊಂಡ ಮನೆಗೆ ಇಲ್ಲೇನು ಕೆಲ್ಸ, ಪಿಳ್ಳಮ್ಮ?”

“ತಗೊಂಡೋನು ನನ್ ಮಗ, ಭಾವ. ಇವ್ಳೇನ್ ತಗೊಂಡವ್ಳೆ, ಒಂದಿಡಿ ಮಣ್ಣಾ? ಅವನ್ ಪಾಲು ಅವನ್ಗಿರ್ಲಿ. ಈಚೆಗೆ ಇನ್ನೊಂದು ಗುಣಿ ತೆಗುದ್ರಾಯ್ತು.”

ಹೆಂಗಸರು ನೆಟ್ಟರೆ ಮೇಟಿ ನಿಲ್ಲುತ್ತದೆಯೇ ಎಂದು ನಿಮ್ಮ ಚಿಕ್ಕಪ್ಪನ ಮಗ ನಂಜಪ್ಪ ಗೊಣಗಿದ.

“ನಿನ್ ಮನೆ ಯಾರ್ ನಿಲ್ಸವ್ರಪ್ಪ?” ಎಂದರು ನಿಮ್ಮವ್ವ. ಎಲ್ಲರಿಗಿಂತ ಮೊದಲು ನಕ್ಕವಳು ಅವನ ಹೆಂಡತಿ.

ದೊಡ್ಡಪ್ಪ ಹಾರೆಯನ್ನು ನನ್ನ ಕಾಲ ಬಳಿ ಇಟ್ಟರು. ಕ್ಯಾಬ್‌ಗಳ ಭಾರಕ್ಕೆ ಕಲ್ಲಿನಂತಾದ ನೆಲ. ಸರದಿಯ ಮನೆಯವರೇ ಅಗೆಯಬೇಕೆಂಬ ಪದ್ಧತಿಯಂತೆ ಯಾರೂ ಕೈ ಹಾಕಲಿಲ್ಲ. ನನ್ನ ಅಂಗೈ ಒಡೆಯಿತು, ಆದರೂ ಯಾರೂ ಮುಂದೆ ಬರಲಿಲ್ಲ. ಸರದಿ ನಮ್ಮದೇ ಎಂದು ಅವರು ಒಪ್ಪಿದ್ದು ನನಗೆ ತಿಳಿದದ್ದು ಹಾಗೆ. ಸೌಮ್ಯ ಕಂಬ ಹಿಡಿದಳು, ನಾನು ಮಣ್ಣು ತುಂಬಿ ತುಳಿದೆ. ಎತ್ತುಗಳಿಲ್ಲವಲ್ಲ, ನಾವೇ ಸುತ್ತಿದೆವು. ಕಣ ಸಣ್ಣದಾಗಿದೆ. ಸುತ್ತಿದ್ದು ಏಳು ಮನೆಯವರೂ.

ನೀವು ಶೆಡ್ ಹಾಕಿ, ನಿಮ್ಮ ಹೆಸರಿನ ಬೋರ್ಡ್ ಬರೆಸಿ, ಸಂಕೋಚ ಬೇಡ. ನನ್ನ ಹೆಸರಿಲ್ಲದ ನೆಲದಲ್ಲಿ ನಾನು ತಲೆಯೆತ್ತಿಯೇ ನಿಂತಿದ್ದೇನೆ.

ಏಳನೇ ಮನೆಯಿಂದ,
ಗೌರಿ

ಇನ್ನೊಂದು ಮಾತು: ಮೇಟಿ ನಿಂತ ಮೇಲೆ, ನೆಟ್ಟದ್ದು ಯಾರ ಮನೆಯೆಂದು ಕೂಗಿ ಹೇಳಬೇಕಲ್ಲ. ನನ್ನ ಹೆಸರನ್ನೇ ಹೇಳಬೇಕೆಂದು ನಿಮ್ಮವ್ವ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ಬಾಯಿಗೆ ಬಂದದ್ದು, ಮದುವೆಯಾದಾಗಿನಿಂದ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ನಿಮ್ಮ ಹೆಸರು. ಯಾರೂ ತಿದ್ದಲಿಲ್ಲ.