ಒಂದು ದಿನದ ವಿಶ್ರಾಂತಿ

ನವೆಂಬರ್ ೧೪, ಶುಕ್ರವಾರ

ಮಹಾರಾಣಿಯ ಸವಾರಿ ಬಂದೇಬಿಟ್ಟಿತು. ನನ್ನ ಗಂಡ ನಾಲ್ಕು ತಿಂಗಳು ಹುಡುಕಿ, ಮಾಡುವವರ ಜೊತೆ ಒಂಬತ್ತು ಸಲ ವೀಡಿಯೊ ಕಾಲ್ ಮಾಡಿ, ವಿದೇಶದಿಂದ ತರಿಸಿಕೊಂಡ ಫ್ಲಮೆಂಕೋ ಗಿಟಾರ್. ಅದಕ್ಕಾಗಿ ತನ್ನ ಎಡಗೈ ಬೆರಳುಗಳನ್ನು ಸ್ಕೇಲಿಟ್ಟು ಅಳೆದು ಕಳಿಸಿದ್ದ. ನನ್ನ ಉಂಗುರವನ್ನು ಮಾತ್ರ ಅಂದಾಜಿನಲ್ಲಿ ತಂದ; ಜಾರದಂತೆ ದಾರ ಸುತ್ತಿಕೊಂಡಿದ್ದೇನೆ.

ಸಂಜೆ ಪೆಟ್ಟಿಗೆ ತೆರೆಯಲು ಹೋದರೆ ಕೈ ಹಿಡಿದ. "ಇವತ್ತು ಬೇಡ ಕಣೇ. ಅಷ್ಟು ದೂರದಿಂದ ಬಂದಿದೆ. ಮರ ಅಲ್ವಾ, ಒಂದು ದಿನ ಈ ಮನೆ ಹವೆಗೆ ಒಗ್ಗಲಿ. ಇಲ್ಲಾಂದ್ರೆ ಬಿರುಕು ಬಿಡುತ್ತೆ."

ನನಗೆ ಮೈಯೆಲ್ಲ ಉರಿಯಿತು. "ನಾನು ಬಂದ ದಿನ ಅರ್ಧ ಗಂಟೇಲಿ ನಿಮ್ಮನೆ ಹನ್ನೊಂದು ಜನಕ್ಕೆ ಚಹಾ ಮಾಡಿಸಿದ್ಯಲ್ಲ, ನಾನು ಬಿರುಕು ಬಿಡಲ್ವಾ?"

ಅವನು ನಗಲಿಲ್ಲ. "ನಾಳೆ ಚಹಾ ನಂದು. ನೀನು ಹೊದಿಕೆಯಿಂದ ಆಚೆ ಬರ್ಬೇಡ," ಎಂದ.

ಎಷ್ಟು ಮುದ್ದು ನನ್ನ ಗಂಡ. ಬೆಣ್ಣೆಯಂತೆ ಕರಗಿಹೋಗಿದ್ದೆ. ಆದರೆ ಈಗಷ್ಟೇ ದೀಪ ಆರಿಸಲು ಹಾಲ್‌ಗೆ ಹೋದವನು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, "ಚಳಿ ಆಗ್ತಿಲ್ಲ ತಾನೇ?" ಎಂದು ಕೇಳಿದ್ದು ಇಲ್ಲಿಗೂ ಕೇಳಿಸಿತು. ಬರಲಿ ಮಲಗಲು. ಮಂಜುಗಡ್ಡೆಯಾಗಿರುವ ನನ್ನ ಎರಡೂ ಕಾಲನ್ನು ನೇರ ಅವನ ಬೆನ್ನಿಗೇ... ಬಂದ.