ಬೆಳಗಿನ ಚಳಿಗೆ ನಿಂತುಹೋಗುವ ಬೈಕ್

ಹೋಳೂರು
12-1-1983

ಮಾಲೂರಿನ ಮೆಕ್ಯಾನಿಕ್ ರಜಾಕ್ ಸಾಬರಿಗೆ ಕದಿರಪ್ಪನ ನಮಸ್ಕಾರ.

ನೀವು ಹೇಳಿದಂತೆ ಪ್ಲಗ್ ಉಜ್ಜಿ, ಎಂಜಿನ್ ಆರದಂತೆ ಸ್ಲೋ ಸ್ಕ್ರೂ ತಿರುಗಿಸಿದೆ. ಆದರೂ ಬೆಳಗಿನ ಚಳಿಯಲ್ಲಿ ಚೋಕ್ ತೆಗೆದ ಕೂಡಲೇ ಬೈಕ್ ನಿಂತುಹೋಗುತ್ತದೆ.

ನಿನ್ನೆ ನಸುಕಿನಲ್ಲಿ ನನ್ನ ಹೆಂಡತಿ ಗಂಗರತ್ನಳಿಗೆ ಹೆರಿಗೆ ನೋವು ಬಂತು. ಆಸ್ಪತ್ರೆಯ ದಾರಿಯಲ್ಲಿ ಬೈಕ್ ಐದು ಸಲ ನಿಂತಿತು. ಅವಳು ನನ್ನ ಅಂಗಿ ಹಿಡಿದು ಕೂತಿದ್ದಳು. "ಸುಳ್ಳು ನೋವು, ಇನ್ನೂ ವಾರ ಇದೆ" ಎಂದು ನರ್ಸಮ್ಮ ವಾಪಸ್ ಕಳಿಸಿದರು.

ಹೋದ ಸಲ ಎತ್ತಿನ ಗಾಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಉಳಿಯಲಿಲ್ಲ. ಅದಕ್ಕೇ ಈ ಹಳೇ ಬೈಕ್ ಕೊಂಡಿದ್ದು.

ಕಾರ್ಬೊರೇಟರ್‌ನಲ್ಲಿ ಕಸ ಕೂತಿದೆಯೇನೋ. ನಾನೇ ಬಿಚ್ಚಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ನಿಮ್ಮಲ್ಲಿಗೆ ತಂದು ಬಿಡೋಣವೆಂದರೆ, ಅದಿಲ್ಲದೆ ಒಂದು ದಿನ ಇರಲೂ ಭಯ. ಪತ್ರ ತಂದಿರುವ ನನ್ನ ಭಾವಮೈದ ಮುನಿಶಾಮಿಯ ಜೊತೆಯಲ್ಲೇ ಬಂದುಬಿಡಿ.

"ಈ ಸಲ ನಡ್ಕೊಂಡೇ ಹೋಗ್ತೀನಿ" ಅಂತಾಳೆ ಗಂಗರತ್ನ.

ನಿಮ್ಮ ದಾರಿ ಕಾಯುತ್ತಾ,
ಕದಿರಪ್ಪ